ಫಟೀಗ್: ಕಬ್ಬಿಣಕ್ಕೊಂದು ಲೆಕ್ಕ, ಮನುಷ್ಯರಿಗೊಂದು ಲೆಕ್ಕ



ಇಂಗ್ಲಿಷಿನಲ್ಲಿ ದಣಿವಿಗೆ ಹೆಸರುಗಳ ಬರವೇನೂ ಇಲ್ಲ. ಟಯರ್ಡ್, ವಿಯರಿ, ಎಕ್ಸಾಸ್ಟೆಡ್, ಹೀಗೆ ಮೈ ಎಷ್ಟು ಸೋತಿದೆ ಎಂಬುದರ ಮೇಲೆ ಒಂದೊಂದು. ಇವತ್ತು ನಾನು ಎತ್ತಿಕೊಂಡಿರುವುದು ಆ ಸಾಲಿನಲ್ಲಿ ಸ್ವಲ್ಪ ಬಿಗುಮಾನದಿಂದ ದೂರ ನಿಂತಿರುವ ಫಟೀಗ್ ಎಂಬ ಪದವನ್ನು. ಕನ್ನಡ ಶಾಲೆಯಲ್ಲಿ ಓದಿ ಬಂದವರಲ್ಲಿ ಹಲವರು ಇದನ್ನು ಪುಸ್ತಕದಲ್ಲಿ ಮೊದಲ ಸಲ ಕಂಡಾಗ ‘ಫ್ಯಾಟಿಗ್ಯೂ’ ಎಂದು ಓದಿ ನಗೆಗೀಡಾಗಿದ್ದಾರೆ. ತಪ್ಪು ಅವರದಲ್ಲ. ಕೊನೆಯ ಎರಡು ಅಕ್ಷರಗಳು ಫ್ರೆಂಚರಿಂದ ಬಂದ ಬಳುವಳಿ, ಬರೆಯುವುದಕ್ಕೆ ಮಾತ್ರ, ಬಾಯಿಗಲ್ಲ.

ಮನೆಯಲ್ಲಿ ಇಂಗ್ಲಿಷನ್ನೇ ಆಡುವವರು ಕೂಡ ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ‘ಟಯರ್ಡ್’ ಎನ್ನುತ್ತಾರೆಯೇ ಹೊರತು ‘ಫಟೀಗ್’ ಎನ್ನುವುದು ಅಪರೂಪ. ಆ ಪದ ಸಿಗುವುದು ವೈದ್ಯರ ಚೀಟಿಯಲ್ಲಿ, ಎಂಜಿನಿಯರರ ವರದಿಯಲ್ಲಿ, ಸೈನ್ಯದ ಆದೇಶದಲ್ಲಿ, ಈಚೆಗೆ ಪತ್ರಿಕೆಗಳ ಸಂಪಾದಕೀಯದಲ್ಲಿ. ದಣಿದವನ ಬಾಯಲ್ಲಿ ಅದು ಅಷ್ಟಾಗಿ ಓಡಾಡುವುದಿಲ್ಲ. ದಣಿದವನನ್ನು ನೋಡಿ ಬರೆದುಕೊಳ್ಳುವವನ ಪದ ಅದು. ಇದೊಂದನ್ನು ಗಮನದಲ್ಲಿಟ್ಟುಕೊಂಡರೆ ಅದರ ಮುಂದಿನ ಕಥೆಯೆಲ್ಲ ಬೇರೆಯೇ ಆಗಿ ಕಾಣುತ್ತದೆ.

ಮೂಲ ಲ್ಯಾಟಿನ್. ಅಲ್ಲಿ ಇದರ ಬಳಗದ್ದೆಂದು ಹೇಳಲಾಗುವ ಒಂದು ಕ್ರಿಯಾಪದವಿದೆ, ಅದಕ್ಕೆ ಬಿರಿಯುವುದು, ಬಾಯಿಬಿಡುವುದು ಎಂಬ ಅರ್ಥ. ರೋಮನ್ ಕವಿ ವರ್ಜಿಲ್ ತನ್ನ ಮಹಾಕಾವ್ಯದ ಮೊದಲ ಭಾಗದಲ್ಲೇ ಅದನ್ನು ಬಳಸಿದ್ದಾನೆ. ಬಿರುಗಾಳಿಗೆ ಸಿಕ್ಕ ಹಡಗುಗಳ ಹಲಗೆಯ ಸಂದುಗಳು ಬಿಟ್ಟುಕೊಂಡು ನೀರು ಒಳನುಗ್ಗುವ ಸಂದರ್ಭ ಅದು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬರುವ ಹೊತ್ತಿಗೆ ಹಡಗೂ ಹಲಗೆಯೂ ಮರೆತುಹೋಗಿ ಮನುಷ್ಯನ ಮೈಯ ದಣಿವಷ್ಟೇ ಉಳಿದಿತ್ತು. ಅಲ್ಲಿಂದ ಅದನ್ನು ಮೊದಲು ಕೈಹಿಡಿದವರು ಸೈನ್ಯದವರು. ಬಂದೂಕು, ಕವಾಯತು ಬಿಟ್ಟು ಸೈನಿಕನಿಗೆ ಹಚ್ಚುವ ಬೇರೆ ದುಡಿಮೆಗೆಲ್ಲ, ಅಂದರೆ ಕಂದಕ ತೋಡುವುದು, ಸೌದೆ ಒಡೆಯುವುದು, ಕಕ್ಕಸು ತೊಳೆಯುವುದು ಮುಂತಾದ್ದಕ್ಕೆ, 18ನೇ ಶತಮಾನದಲ್ಲೇ ‘ಫಟೀಗ್ ಡ್ಯೂಟಿ’ ಎಂಬ ಹೆಸರು ಬಿತ್ತು. ಆ ಕೆಲಸಕ್ಕೆ ತೊಡುವ ಒರಟು ಬಟ್ಟೆಯೂ ‘ಫಟೀಗ್ಸ್’ ಆಯಿತು. ಬ್ರಿಟಿಷರು ಹೋದರೂ ಅವರ ಸೈನ್ಯದ ಮಾತು ನಮ್ಮಲ್ಲಿ ಉಳಿದುಕೊಂಡಿದೆ. ಕೊಡಗಿನಲ್ಲಿ ಮಾಜಿ ಸೈನಿಕರೊಬ್ಬರ ಜಗಲಿಯ ಮೇಲೆ ಕೂತು ಕೇಳಿ, ಎನ್.ಸಿ.ಸಿ. ಕ್ಯಾಂಪಿಗೆ ಹೋಗಿ ಬಂದ ಹುಡುಗರನ್ನು ಕೇಳಿ, ಫಟೀಗ್ ಎಂದರೆ ದಣಿವು ಎಂದು ಅವರು ಹೇಳಲಾರರು. ಪೊರಕೆ, ಬಕೆಟ್ಟು, ಹುಲ್ಲು ಕೀಳುವುದು ಎಂದಾರು. ದಣಿವಿನ ಹೆಸರು ದಣಿಸುವ ಕೆಲಸಕ್ಕೇ ಅಂಟಿಕೊಂಡ ಪರಿ ಇದು. ನನ್ನ ಮಟ್ಟಿಗೆ ಈ ಪದದ ಇಡೀ ಬಾಳಿನಲ್ಲಿ ಇದೇ ಪ್ರಾಮಾಣಿಕವಾದ ಬಳಕೆ. ಇನ್ನೊಂದು ಅಂಥದ್ದು ಕಬ್ಬಿಣದ್ದು.

1842ರ ಮೇ 8. ಪ್ಯಾರಿಸಿನ ಹತ್ತಿರ ವರ್ಸೇಲ್ಸ್ ಅರಮನೆಯ ತೋಟದಲ್ಲಿ ದೊರೆ ಲೂಯಿ ಫಿಲಿಪ್‌ನ ಗೌರವಕ್ಕೆ ಕಾರಂಜಿಗಳ ಉತ್ಸವ. ಅದನ್ನು ನೋಡಿ ಪ್ಯಾರಿಸಿಗೆ ಹಿಂದಿರುಗುತ್ತಿದ್ದವರಿಂದ ಕಿಕ್ಕಿರಿದ ರೈಲು. ಮುಂದಿನ ಎಂಜಿನ್ನಿನ ಒಂದು ಅಚ್ಚು ಮುರಿಯಿತು. ಎಂಜಿನ್ನು ಹಳಿತಪ್ಪಿ ಬಿತ್ತು, ಹಿಂದಿನದು ಅದರ ಮೇಲೇರಿತು, ಡಬ್ಬಿಗಳು ಒಂದರ ಮೇಲೊಂದು ಹತ್ತಿದವು, ಬೆಂಕಿ ಹಿಡಿದುಕೊಂಡಿತು. ಪ್ರಯಾಣಿಕರು ನಡುವೆ ಇಳಿಯದಿರಲಿ ಎಂದು ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಆಗ. 50ಕ್ಕೂ ಹೆಚ್ಚು ಜನ ಬೆಂದುಹೋದರು. ದಕ್ಷಿಣ ಧ್ರುವದ ಹಿಮಸಾಗರಗಳನ್ನು ಸುತ್ತಿ ಬದುಕಿ ಬಂದಿದ್ದ ನಾವಿಕ ಡ್ಯುಮೋಂ ದ್ಯುರ್ವಿಲ್, ಹೆಂಡತಿ ಮಗನ ಜೊತೆ, ಆ ರೈಲಿನಲ್ಲಿ ಸತ್ತ.

ಎಂಜಿನಿಯರರಿಗೆ ಬಿಡಿಸಲಾಗದ ಒಗಟಾದದ್ದು ಅಚ್ಚು ಮುರಿದದ್ದಲ್ಲ, ಮುರಿದ ರೀತಿ. ಒಳ್ಳೆಯ ಕಬ್ಬಿಣ ಮುರಿಯುವ ಮೊದಲು ಬಾಗಬೇಕು, ಜಗ್ಗಬೇಕು. ಇದು ಗಾಜಿನ ಹಾಗೆ ನೇರವಾಗಿ ತುಂಡಾಗಿತ್ತು. ಹೊತ್ತ ಭಾರವೂ ಅತಿಯೇನಲ್ಲ, ದಿನವೂ ಹೊತ್ತದ್ದೇ. ಆ ಕಾಲದ ಬಹುಪಾಲು ಜನ ನಂಬಿದ್ದೆಂದರೆ, ಓಡಾಟದ ಅದುರಿಗೆ ಕಬ್ಬಿಣದ ನಾರು ಕೆಟ್ಟು ಒಳಗೆಲ್ಲ ಹರಳುಗಟ್ಟುತ್ತದೆ ಎಂದು. ಮುರಿದ ಮುಖದಲ್ಲಿ ಹರಳಿನ ಹೊಳಪು ಕಾಣುತ್ತಿತ್ತಲ್ಲ, ಅದೇ ಆಧಾರ. ಸ್ಕಾಟ್ಲೆಂಡಿನ ತರುಣ ಎಂಜಿನಿಯರ್ ವಿಲಿಯಂ ರ‍್ಯಾಂಕಿನ್ 1843ರಲ್ಲಿ ಬೇರೆ ಮಾತು ಹೇಳಿದ. ಮುರಿದ ಅಚ್ಚುಗಳಲ್ಲಿ ಬಿರುಕು ಹೊರಮೈಯಿಂದ ಶುರುವಾಗಿ ನಿಧಾನವಾಗಿ ಒಳಕ್ಕೆ ಇಳಿದಿದೆ, ದಪ್ಪ ಥಟ್ಟನೆ ಬದಲಾಗುವ ಮೂಲೆಗಳಲ್ಲೇ ಅದು ಹುಟ್ಟಿದೆ, ಮೂಲೆಗಳನ್ನು ದುಂಡಗೆ ಮಾಡಿ ಎಂದು. ಹರಳಿನ ಕಥೆ ಆಮೇಲೂ ಬಹಳ ಕಾಲ ಸಾಯಲಿಲ್ಲ. ನಮ್ಮ ಲಾರಿ ಗ್ಯಾರೇಜುಗಳಲ್ಲಿ ‘ಆಕ್ಸೆಲ್ ಕಟ್ಟಾಯ್ತು’ ಎಂದಾಗ ಯಾರೂ ಹರಳಿನ ಮಾತು ಎತ್ತುವುದಿಲ್ಲ, ಓವರ್‌ಲೋಡು ಎನ್ನುತ್ತಾರೆ. ಅವರ ಊಹೆ ಆ ಕಾಲದ ಪಂಡಿತರದ್ದಕ್ಕಿಂತ ಸತ್ಯಕ್ಕೆ ಹತ್ತಿರ.

ಲೋಹದ ಈ ರೋಗಕ್ಕೆ ಫಟೀಗ್ ಎಂದು ಇಂಗ್ಲಿಷಿನಲ್ಲಿ ಬರೆದು ಹೆಸರಿಟ್ಟವನು ಫ್ರೆಡರಿಕ್ ಬ್ರೈತ್‌ವೇಟ್, 1854ರಲ್ಲಿ, ಲಂಡನ್ನಿನ ಸಿವಿಲ್ ಎಂಜಿನಿಯರರ ಸಂಸ್ಥೆಗೆ ಒಪ್ಪಿಸಿದ ಪ್ರಬಂಧದಲ್ಲಿ. ಹೆಸರು ತನ್ನದಲ್ಲ, ಇನ್ನೊಬ್ಬ ಎಂಜಿನಿಯರರಿಂದ ಬಂದದ್ದು ಎಂದು ಅವನೇ ಹೇಳಿಕೊಂಡಿದ್ದಾನೆ. ಫ್ರಾನ್ಸಿನಲ್ಲಿ ಪೋನ್ಸ್ಲೆ ಎಂಬ ಎಂಜಿನಿಯರ್ ಅದಕ್ಕೂ ಮೊದಲೇ ತನ್ನ ಪಾಠಗಳಲ್ಲಿ ದಣಿವಿನ ಮಾತನ್ನು ಲೋಹಕ್ಕೆ ಆಡಿದ್ದ. ಬ್ರೈತ್‌ವೇಟ್ ಕೊಟ್ಟ ಉದಾಹರಣೆಗಳು ಸ್ವಾರಸ್ಯವಾಗಿವೆ: ರೈಲಿನ ಅಚ್ಚುಗಳಷ್ಟೇ ಅಲ್ಲ, ನೀರೆತ್ತುವ ಪಂಪುಗಳು, ಕ್ರೇನುಗಳು, ಬಿಯರ್ ಕಾಸುವ ಕಾರ್ಖಾನೆಯ ಸಾಮಾನುಗಳು ಸಹ. ವರ್ಜಿಲ್‌ನ ಹಡಗಿನಿಂದ ಹೊರಟ ಪದ ಮನುಷ್ಯರ ಮೈಯಲ್ಲಿ ತಂಗಿ, ಮತ್ತೆ ಬಿರುಕಿನ ಹತ್ತಿರಕ್ಕೇ ಬಂದು ಸೇರಿತು. ಬ್ರೈತ್‌ವೇಟ್‌ಗೆ ಅದು ಗೊತ್ತಿತ್ತೆಂದು ನನಗನಿಸುವುದಿಲ್ಲ.

ಹೆಸರಿಡುವುದು ಸುಲಭ, ಅಳೆಯುವುದು ಕಷ್ಟ. ಅಳೆದವನು ಪ್ರಷ್ಯದ ರೈಲ್ವೆಯ ಆಗಸ್ಟ್ ವೋಲರ್. ಓಡರ್ ನದಿಯ ದಂಡೆಯ ಫ್ರಾಂಕ್‌ಫರ್ಟಿನ ವರ್ಕ್‌ಷಾಪಿನಲ್ಲಿ ಅವನು ಕಬ್ಬಿಣದ ಸರಳಿಗೆ ತೂಕ ಕಟ್ಟಿ ತಿರುಗಿಸುತ್ತಲೇ ಇರುವ ಯಂತ್ರ ಮಾಡಿದ. ತಿರುಗುವ ಸರಳಿನ ಒಂದೊಂದು ಬಿಂದುವೂ ಒಮ್ಮೆ ಜಗ್ಗುತ್ತದೆ, ಒಮ್ಮೆ ಅಮುಕಿಕೊಳ್ಳುತ್ತದೆ, ರೈಲಿನ ಅಚ್ಚಿನಲ್ಲಿ ಆಗುವ ಹಾಗೆಯೇ. ಸಾವಿರ ಸಲ, ಲಕ್ಷ ಸಲ, ಹತ್ತು ಲಕ್ಷ ಸಲ. ಹತ್ತಾರು ವರ್ಷ ಇದೇ ಕೆಲಸ ಮಾಡಿ 1870ರ ಹೊತ್ತಿಗೆ ಅವನು ಹೇಳಿದ್ದು ಎರಡು ಮಾತು. ಒಂದು ಸಲಕ್ಕೆ ಏನೂ ಆಗದ ಭಾರ, ಸಾಕಷ್ಟು ಸಲ ಬಂದು ಹೋದರೆ ಮುರಿಯುತ್ತದೆ. ಎಷ್ಟು ಸಲ ಎಂಬುದು ಭಾರ ಎಷ್ಟು ಏರಿಳಿಯುತ್ತದೆ ಎಂಬುದಕ್ಕೆ ಅಂಟಿಕೊಂಡಿದೆ. ಕಬ್ಬಿಣ, ಉಕ್ಕುಗಳಲ್ಲಿ ಒಂದು ಗೆರೆಯಿದೆ, ಏರಿಳಿತ ಅದಕ್ಕಿಂತ ಕೆಳಗಿದ್ದರೆ ಎಷ್ಟು ತಿರುಗಿಸಿದರೂ ಮುರಿಯದು. ಬೇಲಿಯ ತಂತಿಯನ್ನು ಕತ್ತರಿ ಇಲ್ಲದಾಗ ಆಚೆ ಈಚೆ ಬಗ್ಗಿಸಿ ಮುರಿಯುವ ರೈತನಿಗೆ ಮೊದಲ ಮಾತು ಹೊಸದಲ್ಲ. ಎರಡನೆಯದು ಮಾತ್ರ ವೋಲರನ ಯಂತ್ರಗಳಿಂದಲೇ ಬರಬೇಕಿತ್ತು. 1903ರಲ್ಲಿ ಯೂಯಿಂಗ್ ಮತ್ತು ಹಂಫ್ರಿ ಎಂಬಿಬ್ಬರು ಸ್ವೀಡನ್ನಿನ ಕಬ್ಬಿಣವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಹರಳುಗಳು ಹೊಸದಾಗಿ ಹುಟ್ಟುವುದಲ್ಲ, ಇದ್ದ ಹರಳುಗಳೊಳಗೇ ಪದರ ಪದರ ಜಾರಿ, ಜಾರಿದ ಗೆರೆಯೇ ಬಿರುಕಾಗುತ್ತದೆ ಎಂದು ಕಂಡರು.

ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಆ ರಕ್ಷಣೆಯ ಗೆರೆ ಇಲ್ಲ. ಎಷ್ಟೇ ಹಗುರಾದ ಏರಿಳಿತವಾದರೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ವಿಮಾನಗಳು ಹೆಚ್ಚಾಗಿ ಆಗುವುದು ಅದರಿಂದಲೇ.

ಬ್ರಿಟನ್ನಿನ ಕಾಮೆಟ್ ಪ್ರಪಂಚದ ಮೊದಲ ಪ್ರಯಾಣಿಕ ಜೆಟ್ ವಿಮಾನ. 1952ರ ಮೇ 2ರಂದು ಲಂಡನ್ನಿನಿಂದ ಜೊಹಾನ್ಸ್‌ಬರ್ಗ್‌ಗೆ ಟಿಕೆಟ್ಟಿನ ಪ್ರಯಾಣಿಕರನ್ನು ಹೊತ್ತು ಹೊರಟಿತು. ಪಂಖದ ವಿಮಾನಗಳಿಗಿಂತ ಬಹಳ ಎತ್ತರದಲ್ಲಿ ಹಾರುತ್ತಿದ್ದುದರಿಂದ ಒಳಗಿನ ಗಾಳಿಯ ಒತ್ತಡವನ್ನು ಹೆಚ್ಚಿಸಿ ಇಡಬೇಕಿತ್ತು. ಮೇಲೇರಿದಾಗ ಒಡಲು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ, ಪ್ರತಿ ಹಾರಾಟಕ್ಕೊಂದು ಸಲ. 1954ರ ಜನವರಿ 10ರಂದು ರೋಮಿನಿಂದ ಹೊರಟ ಒಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಛಿದ್ರವಾಯಿತು, 35 ಜನ ಸತ್ತರು. ಕಾರಣ ತಿಳಿಯದೆಯೇ ಅಲ್ಲಿ ಇಲ್ಲಿ ತಿದ್ದಿ ಮತ್ತೆ ಹಾರಿಸಿದರು. ಏಪ್ರಿಲ್ 8ಕ್ಕೆ ಇನ್ನೊಂದು, ನೇಪಲ್ಸ್ ಹತ್ತಿರ, 21 ಜನ.

ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿ ಸರ್ ಆರ್ನಲ್ಡ್ ಹಾಲ್ ಮತ್ತು ಅವರ ಜೊತೆಗಾರರು ಒಂದು ಇಡೀ ಕಾಮೆಟ್ಟನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿದರು. ರೆಕ್ಕೆಗಳು ಹೊರಗೆ, ಒಡಲು ಒಳಗೆ. ಒಡಲೊಳಕ್ಕೆ ನೀರನ್ನೇ ತುಂಬಿ ಒತ್ತಡ ಏರಿಸುವುದು, ಇಳಿಸುವುದು. ಗಾಳಿ ತುಂಬಿದ್ದರೆ ಬಿರಿದಾಗ ಬಾಂಬಿನಂತೆ ಸಿಡಿದು ಸಾಕ್ಷ್ಯವೇ ಉಳಿಯುತ್ತಿರಲಿಲ್ಲ, ನೀರು ಹಾಗೆ ಹಿಗ್ಗುವುದಿಲ್ಲ. ಹಾರಿದ್ದು, ತೊಟ್ಟಿಯಲ್ಲಿ ಹಾರಿಸಿದ್ದು ಎರಡೂ ಸೇರಿ ಸುಮಾರು 3,000 ಹಾರಾಟಕ್ಕೆ ಒಡಲು ಬಿರಿಯಿತು. ಎಲ್ಬಾದ ಸಮುದ್ರತಳದಿಂದ ನೌಕಾಪಡೆ ಎತ್ತಿ ತಂದ ಚೂರುಗಳೂ ಅದನ್ನೇ ಹೇಳಿದವು: ಚಾವಣಿಯ ಮೇಲೆ ರೇಡಿಯೋ ಆಂಟೆನಾಕ್ಕೆಂದು ಬಿಟ್ಟಿದ್ದ ಕಿಂಡಿಯ ಮೂಲೆಯಿಂದ ಬಿರುಕು ಹೊರಟಿತ್ತು. ಪ್ರಯಾಣಿಕರ ಚೌಕ ಕಿಟಕಿಯಿಂದ ಎಂದು ಜನ ಹೇಳುವುದು ಪೂರ್ತಿ ಸರಿಯಲ್ಲ. ಮೂಲೆ ಎಂಬುದಂತೂ ನಿಜ, ರ‍್ಯಾಂಕಿನ್ ನೂರು ವರ್ಷ ಹಿಂದೆ ಎಚ್ಚರಿಸಿದ್ದ ಅದೇ ಮೂಲೆ.

ಹಾಗಾದರೆ ತಯಾರಕರು ಪರೀಕ್ಷೆ ಮಾಡಿರಲಿಲ್ಲವೇ? ಮಾಡಿದ್ದರು. ಒಡಲಿನ ಒಂದು ತುಂಡು 16,000ಕ್ಕೂ ಹೆಚ್ಚು ಸಲ ಉಬ್ಬಿ ಕುಗ್ಗಿ ತಡೆದುಕೊಂಡಿತ್ತು. ಆದರೆ ಆ ತುಂಡಿನ ಮೇಲೆಯೇ ಅದಕ್ಕೂ ಮೊದಲು ಬೇರೆ ಪರೀಕ್ಷೆಗೆಂದು ಎರಡರಷ್ಟು ಒತ್ತಡ ಹಾಕಿದ್ದರು. ಆ ಭಾರಿ ಒತ್ತಡಕ್ಕೆ ಮೂಲೆಗಳ ಲೋಹ ಸ್ವಲ್ಪ ಜಗ್ಗಿ ಕೂತು, ಆಮೇಲಿನ ಸಣ್ಣ ಒತ್ತಡಗಳನ್ನು ಚೆನ್ನಾಗಿ ತಾಳಿಕೊಂಡಿತು. ಮಾರಿದ ವಿಮಾನಗಳಿಗೆ ಆ ಸಂಸ್ಕಾರ ಆಗಿರಲಿಲ್ಲ. ಎಲ್ಬಾದಲ್ಲಿ ಬಿದ್ದದ್ದು 1,300ರ ಆಸುಪಾಸು ಹಾರಾಟಕ್ಕೆ ಮುಗಿದುಹೋಯಿತು.

ಕಥೆಗಾರನೊಬ್ಬ ಇದನ್ನು ಮುಂಚೆಯೇ ಕಂಡಿದ್ದ. ನೆವಿಲ್ ಶೂಟ್ ಸ್ವತಃ ವಿಮಾನ ಎಂಜಿನಿಯರ್. 1948ರಲ್ಲಿ ಬಂದ ಅವನ ‘ನೋ ಹೈವೇ’ ಕಾದಂಬರಿಯ ನಾಯಕ ಫಾರ್ನ್‌ಬರೋದ ಒಬ್ಬ ಮರೆಗುಳಿ ವಿಜ್ಞಾನಿ. ಹೊಸ ವಿಮಾನದ ಬಾಲ ಇಂತಿಷ್ಟು ಗಂಟೆಗೆ ದಣಿದು ಮುರಿಯುತ್ತದೆಂದು ಲೆಕ್ಕ ಹಾಕಿ, ಅಂಥದೇ ವಿಮಾನದಲ್ಲಿ ತಾನೇ ಕೂತಿರುವುದು ಹಾರಾಟದ ನಡುವೆ ಗೊತ್ತಾಗುವ ಸನ್ನಿವೇಶವಿದೆ. 1951ರಲ್ಲಿ ಅದು ಸಿನಿಮಾ ಕೂಡ ಆಯಿತು.

ಕಾಮೆಟ್ಟಿನ ನಂತರ ವಿಮಾನದ ಪ್ರತಿಯೊಂದು ಏರಿಳಿತವೂ ಬರಹಕ್ಕೆ ಬಂತು. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದಲ್ಲಿ ಯುದ್ಧವಿಮಾನಗಳ ಇಡೀ ಒಡಲನ್ನು ಚೌಕಟ್ಟಿನಲ್ಲಿ ನಿಲ್ಲಿಸಿ, ಜಾಕುಗಳಿಂದ ಜಗ್ಗಿ ಬಿಟ್ಟು, ಹಾರದೆಯೇ ಹಾರಾಟದ ಆಯುಷ್ಯ ಎಣಿಸುವ ಕೆಲಸ ನಡೆದುಕೊಂಡು ಬಂದಿದೆ. ಗಮನಿಸಬೇಕಾದ್ದು ಇಷ್ಟು. ಲೋಹದ ದಣಿವು ಮಲಗಿದರೆ ಆರುವುದಿಲ್ಲ. ಎಂಜಿನಿಯರನು ಅದಕ್ಕೇ ಲೋಹವನ್ನು ಬೈಯುವುದಿಲ್ಲ. ಎಷ್ಟು ಭಾರ, ಎಷ್ಟು ಸಲ, ಯಾವ ಮೂಲೆ ಎಂದು ಕೇಳುತ್ತಾನೆ. ಫಟೀಗ್ ಎಂದ ಕೂಡಲೇ ಅವನ ಕಣ್ಣು ಹೊರೆಯ ಕಡೆ ತಿರುಗುತ್ತದೆ.

ಮನುಷ್ಯರ ವಿಷಯಕ್ಕೆ ಬಂದಾಗ ಆ ಕಣ್ಣು ಎಲ್ಲಿ ತಿರುಗಿತು ಎಂಬುದು ಬೇರೆ ಕಥೆ.

ಇಟಲಿಯ ಟ್ಯೂರಿನ್ನಿನಲ್ಲಿ ಆಂಜೆಲೊ ಮೊಸ್ಸೊ ಎಂಬ ಶರೀರಶಾಸ್ತ್ರಜ್ಞ ದಣಿವನ್ನು ಅಳೆಯಲು ಎರ್ಗೋಗ್ರಾಫ್ ಎಂಬ ಸಾಧನ ಮಾಡಿದ. ಮುಂಗೈಯನ್ನು ಬಿಗಿದು ನಡುಬೆರಳಿಗೆ ತೂಕ ಕಟ್ಟುವುದು, ತಾಳಕ್ಕೆ ಸರಿಯಾಗಿ ಎತ್ತಿ ಇಳಿಸುವುದು, ಎತ್ತಿದ ಎತ್ತರ ಮಸಿ ಹಿಡಿದ ಉರುಳೆಯ ಮೇಲೆ ಗೆರೆಯಾಗುವುದು. ಗೆರೆ ಕುಗ್ಗುತ್ತ ಬಂದು ಬೆರಳು ನಿಲ್ಲುತ್ತದೆ. ಒಬ್ಬೊಬ್ಬರ ಗೆರೆಗೂ ಒಂದೊಂದು ರೂಪ. ತನ್ನ ಸಹೋದ್ಯೋಗಿ ಮಜ್ಜೋರಾ ವಿದ್ಯಾರ್ಥಿಗಳಿಗೆ ಮೌಖಿಕ ಪರೀಕ್ಷೆ ನಡೆಸಿ ಬಂದ ಮೇಲೆ ಅವನ ಬೆರಳಿನ ಬಲ ಕುಸಿದಿತ್ತು ಎಂದು ಮೊಸ್ಸೊ ದಾಖಲಿಸಿದ. ಕೂತು ಪ್ರಶ್ನೆ ಕೇಳಿದರೂ ಬೆರಳು ಸೋಲುತ್ತದೆ! ಮೇಷ್ಟರ ಕೆಲಸ ಕುರ್ಚಿ ಕೆಲಸ ಎನ್ನುವವರಿಗೆ ಇದನ್ನು ತೋರಿಸಬಹುದು. 1891ರಲ್ಲಿ ಅವನ ‘ಲಾ ಫಾತಿಕಾ’ ಪುಸ್ತಕ ಬಂತು. ಇದಾದ ಮೇಲೆ ಜರ್ಮನಿಯಲ್ಲಿ ವೈಖಾರ್ಟ್ ಎಂಬವನು ದಣಿವೆಂದರೆ ಮೈಯಲ್ಲಿ ಹುಟ್ಟುವ ಒಂದು ವಿಷ, ಅದಕ್ಕೆ ತಾನು ಪ್ರತಿವಿಷ ಕಂಡಿದ್ದೇನೆ ಎಂದ. ಲಸಿಕೆ ಹಾಕಿ ದಣಿವನ್ನೇ ಓಡಿಸುವ ಕನಸು. ಯಾವ ಕಾರ್ಖಾನೆಯ ಯಜಮಾನನಿಗೆ ಬೇಡ ಅಂಥ ಕನಸು? ಅದು ಹುಸಿಯಾಯಿತು.

ಮೊದಲ ಮಹಾಯುದ್ಧದ ಬ್ರಿಟನ್ನಿಗೆ ಗುಂಡು ಮದ್ದು ಸಾಲದೆ ಬಂದಾಗ ಹೆಂಗಸರೂ ಗಂಡಸರೂ ಕಾರ್ಖಾನೆಗಳಲ್ಲಿ ವಾರಕ್ಕೆ 60 ಗಂಟೆ ಮೀರಿ, ಭಾನುವಾರವೂ ದುಡಿದರು. 1915ರಲ್ಲಿ ಮದ್ದುಗುಂಡು ಕಾರ್ಮಿಕರ ಆರೋಗ್ಯ ಸಮಿತಿ ನೇಮಕವಾಯಿತು. ಅದಕ್ಕಾಗಿ ಎಚ್. ಎಂ. ವರ್ನನ್ ಎಂಬ ಶರೀರಶಾಸ್ತ್ರಜ್ಞ ಲೆಕ್ಕ ಹಾಕಿ ತೋರಿಸಿದ್ದು, ಗಂಟೆ ಇಳಿಸಿದರೆ ಗಂಟೆಯ ಉತ್ಪಾದನೆ ಮಾತ್ರವಲ್ಲ, ವಾರದ ಒಟ್ಟು ಉತ್ಪಾದನೆಯೇ ಏರಬಹುದೆಂದು. ಅಪರೂಪಕ್ಕೆ ಇಲ್ಲಿ ಹೊರೆಯ ಕಡೆ ಕಣ್ಣು ತಿರುಗಿತ್ತು. 1918ರಲ್ಲಿ ಆ ಸಮಿತಿಯ ಕೆಲಸ ಕೈಗಾರಿಕಾ ದಣಿವಿನ ಸಂಶೋಧನಾ ಮಂಡಳಿಯಾಗಿ ಬೆಳೆಯಿತು. ಮೂರೇ ವರ್ಷದಲ್ಲಿ, 1921ರಲ್ಲಿ, ಬರ್ನಾರ್ಡ್ ಮಸ್ಸಿಯೊ ಎಂಬ ಮನಶ್ಶಾಸ್ತ್ರಜ್ಞ ಬರೆದ: ದಣಿವೆಂದರೇನೆಂದು ನಮಗೇ ನಿಶ್ಚಯವಿಲ್ಲ, ಅದನ್ನು ಅಳೆಯುವ ಪರೀಕ್ಷೆಯೂ ಆಗದ ಮಾತು, ಕಟ್ಟುನಿಟ್ಟಿನ ವೈಜ್ಞಾನಿಕ ಚರ್ಚೆಯಿಂದ ಫಟೀಗ್ ಎಂಬ ಪದವನ್ನೇ ಗಡೀಪಾರು ಮಾಡಿ. ಪದ ಜಗ್ಗಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಕೇಂಬ್ರಿಡ್ಜಿನ ಮನಶ್ಶಾಸ್ತ್ರಜ್ಞ ಕೆನೆತ್ ಕ್ರೇಕ್ ಸ್ಪಿಟ್‌ಫೈರ್ ವಿಮಾನದ ಚಾಲಕನ ಕೋಣೆಯನ್ನು ಪ್ರಯೋಗಾಲಯದಲ್ಲಿ ಕಟ್ಟಿ, ಪೈಲಟ್ಟುಗಳನ್ನು ಗಂಟೆಗಟ್ಟಲೆ ಕೂರಿಸಿದ. ದಣಿದವರು ನಿಧಾನಿಗಳಾಗುತ್ತಾರೆಂದು ಎಲ್ಲರ ಎಣಿಕೆ. ಆದದ್ದು ಅದಲ್ಲ. ಅಂಚಿನಲ್ಲಿರುವ ಮೀಟರುಗಳನ್ನು ನೋಡುವುದು ಬಿಟ್ಟುಬಿಡುತ್ತಿದ್ದರು, ಇಂಧನದ ಮುಳ್ಳನ್ನೂ ಸಹ. ‘ಇಷ್ಟು ಸಾಕು’ ಎಂಬ ಮಟ್ಟ ತಾನಾಗಿ ಕೆಳಗಿಳಿಯುತ್ತಿತ್ತು, ಆದರೆ ಚೆನ್ನಾಗಿಯೇ ಹಾರಿಸುತ್ತಿದ್ದೇವೆ ಎಂದೇ ಅವರ ನಂಬಿಕೆ. ಇಳಿಯುವ ಹೊತ್ತು ಹತ್ತಿರವಾದಾಗಲೇ ತಪ್ಪು ಹೆಚ್ಚು. ರಾತ್ರಿಯೆಲ್ಲ ಬಸ್ಸು ಓಡಿಸಿ, ಊರು ಇನ್ನೇನು ಬಂತು ಎನ್ನುವ ನಸುಕಿನಲ್ಲಿ ಆಗುವ ಅಪಘಾತಗಳ ಸುದ್ದಿ ಓದುವಾಗಲೆಲ್ಲ ನನಗೆ ಆ ಕೋಣೆ ನೆನಪಾಗುತ್ತದೆ.

ಈ ಪದ ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಒಂದು ಕಾಯಿಲೆಯವರನ್ನು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ ಒಮ್ಮೆಗೇ ಹರಡಿದ ವಿಚಿತ್ರ ಬೇನೆಯೊಂದಕ್ಕೆ ವೈದ್ಯರು ನಾಲಿಗೆ ಹೊರಳದಷ್ಟು ಉದ್ದದ ಹೆಸರಿಟ್ಟಿದ್ದರು. 1988ರಲ್ಲಿ ಅಮೆರಿಕದವರು ಅಂಥ ಲಕ್ಷಣಗಳಿಗೆ ‘ಕ್ರಾನಿಕ್ ಫಟೀಗ್ ಸಿಂಡ್ರೋಮ್’ ಎಂದರು. ರೋಗಿಗಳಿಗೆ ಆ ಹೆಸರು ಶಾಪವಾಯಿತು. ‘ಸುಸ್ತು ಯಾರಿಗಿಲ್ಲ, ಎದ್ದು ಓಡಾಡಿ’ ಎಂದರು ಕಂಡವರೆಲ್ಲ. ಅದು ಮಲಗಿದರೆ ಹೋಗುವ ಸುಸ್ತಲ್ಲ, ಒಂದು ದಿನ ಸ್ವಲ್ಪ ಹೆಚ್ಚು ನಡೆದರೆ ಮರುದಿನದಿಂದ ವಾರಗಟ್ಟಲೆ ಹಾಸಿಗೆ ಹಿಡಿಸುವಂಥದ್ದು. ವ್ಯಾಯಾಮವನ್ನು ಹಂತಹಂತವಾಗಿ ಏರಿಸುವುದೇ ಚಿಕಿತ್ಸೆ ಎಂಬ ಸಲಹೆಯನ್ನು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ ಕೈಬಿಟ್ಟದ್ದು 2021ರಲ್ಲಿ. ವೋಲರ್ ಕಬ್ಬಿಣಕ್ಕೆ ತೋರಿಸಿದ್ದ ಮರ್ಯಾದೆ ಈ ರೋಗಿಗಳಿಗೆ ಸಿಗಲು ಅಷ್ಟು ಕಾಲ ಹಿಡಿಯಿತು.

ಇನ್ನು ನಮ್ಮ ಕಾಲದ ಸಂಪಾದಕೀಯದ ಫಟೀಗುಗಳು. ದಾನಿಗಳ ಫಟೀಗ್, ಕರುಣೆಯ ಫಟೀಗ್. ಆಸ್ಪತ್ರೆಯ ಯಂತ್ರಗಳು ಸದಾ ಕೂಗುತ್ತಿದ್ದರೆ ನರ್ಸುಗಳಿಗೆ ಬರುವ ಎಚ್ಚರಿಕೆಗಂಟೆಯ ಫಟೀಗ್ ಮಾತ್ರ ನಿಜವಾದ ಹೊರೆಯನ್ನು ಹೇಳುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಮಿಕ್ಕವುಗಳ ಬಗ್ಗೆ ಇದೆ. 2020ರ ಮಾರ್ಚಿನಲ್ಲಿ ಕೋವಿಡ್ ಬಂದು ಬಾಗಿಲು ತಟ್ಟುತ್ತಿದ್ದಾಗ, ನಿರ್ಬಂಧಗಳನ್ನು ಬೇಗ ಹೇರಿದರೆ ಜನ ಬೇಗ ದಣಿದು ಪಾಲಿಸುವುದನ್ನೇ ಬಿಟ್ಟಾರು ಎಂಬ ವಾದ ಬ್ರಿಟನ್ನಿನ ಸರ್ಕಾರದ ಕಡೆಯಿಂದ ಬಂತು. ‘ಬಿಹೇವಿಯರಲ್ ಫಟೀಗ್’ ಎಂಬ ಹೆಸರು ಸಿಕ್ಕಿತು ಅದಕ್ಕೆ. ಇದಕ್ಕೆ ಪುರಾವೆ ಏನು ಎಂದು 600ಕ್ಕೂ ಹೆಚ್ಚು ವರ್ತನಾ ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಕೇಳಿದರು. ಎರಡು ವಾರ ಕಳೆಯುವುದರೊಳಗೆ ಲಾಕ್‌ಡೌನ್ ಬಂತು, ಜನ ಬಹುಮಟ್ಟಿಗೆ ಪಾಲಿಸಿದರು. ಲೋಹದ ನಿಯಮವನ್ನು ಜನರ ಮೇಲೆ ಹೊದಿಸಿದ್ದು ಅದು, ವೋಲರನ ಯಂತ್ರವಿಲ್ಲದೆ, ಎಣಿಕೆಯಿಲ್ಲದೆ. ಎಂಜಿನಿಯರರು ಹೊರೆ ಅಳೆದ ಮೇಲೆ ಆಡುವ ಮಾತನ್ನು ಇಲ್ಲಿ ಹೊರೆ ಅಳೆಯುವ ಮೊದಲೇ ಆಡಿದರು.

ಆದ್ದರಿಂದ ನನಗೆ ಇಷ್ಟವಾಗುವ ವ್ಯಾಖ್ಯೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯದು. ದಣಿವೆಂದರೆ ಕೆಲಸದ ಸಾಮರ್ಥ್ಯ ಕುಗ್ಗಿದ ಸ್ಥಿತಿ ಎಂದು ಹೇಳಿ ಅದು ನಿಲ್ಲುವುದಿಲ್ಲ, ಕಾರಣಗಳನ್ನೂ ವಾಕ್ಯದೊಳಗೇ ಕಟ್ಟಿಹಾಕುತ್ತದೆ: ನಿದ್ದೆಗೇಡು, ಬಹಳ ಹೊತ್ತು ಎಚ್ಚರವಿರುವುದು, ಮೈಯ ಗಡಿಯಾರದ ಅವೇಳೆ, ಕೆಲಸದ ಹೊರೆ. ನಮ್ಮ ದೇಶದ ವಿಮಾನಯಾನ ನಿರ್ದೇಶನಾಲಯ 2024ರ ಜನವರಿಯಲ್ಲಿ ಪೈಲಟ್ಟುಗಳ ದುಡಿಮೆಯ ನಿಯಮಗಳನ್ನು ತಿದ್ದಿ ಬರೆದಾಗ, ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು, ‘ರಾತ್ರಿ’ ಎಂಬುದು ಬೆಳಗಿನ 5ರ ಬದಲು 6ರ ವರೆಗೆ ಚಾಚಿತು, ರಾತ್ರಿ ಪಾಳಿಯಲ್ಲಿ ಇಳಿಸಬಹುದಾದ ಸಲ 6ರಿಂದ 2ಕ್ಕೆ ಇಳಿಯಿತು. ಪೈಲಟ್ಟುಗಳು ಕೊಡುವ ದಣಿವಿನ ದೂರುಗಳನ್ನು ಏನು ಮಾಡಿದಿರಿ ಎಂದು ಸಂಸ್ಥೆಗಳು ಮೂರು ತಿಂಗಳಿಗೊಮ್ಮೆ ವರದಿ ಒಪ್ಪಿಸಬೇಕು.

ಕಂಪನಿಗಳು ಕಾಲಾವಕಾಶ ಕೇಳಿದವು, ಸಿಕ್ಕಿತು. ಅಂತೂ ಕೊನೆಯ ಕಂತು ಜಾರಿಗೆ ಬಂದದ್ದು 2025ರ ನವೆಂಬರ್ 1ಕ್ಕೆ. ಡಿಸೆಂಬರ್ ಮೊದಲ ವಾರ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆಗೆ ಪೈಲಟ್ಟುಗಳು ಸಾಲದೆ ಹೋಗಿ, ಬೆಂಗಳೂರು, ದೆಹಲಿ, ಮುಂಬಯಿ ಎನ್ನದೆ ಹಾರಾಟಗಳು ಸಾಲುಸಾಲಾಗಿ ರದ್ದಾದವು. ದೇವನಹಳ್ಳಿಯ ನಿಲ್ದಾಣದಲ್ಲಿ ಜನ ಸೂಟ್‌ಕೇಸಿನ ಮೇಲೆ ತಲೆಯಿಟ್ಟು ಮಲಗಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಹೊಸ ನಿಯಮದಿಂದ ಹೀಗಾಯಿತು ಎಂದು ಹಲವರು ಬೈದುಕೊಂಡರು. ಇಷ್ಟು ದಿನ ಅಷ್ಟೂ ಹಾರಾಟಗಳನ್ನು ಯಾರ ನಿದ್ದೆಯ ಖರ್ಚಿನಲ್ಲಿ ನಡೆಸುತ್ತಿದ್ದರು ಎಂದು ಕೇಳಿದವರು ಕಡಿಮೆ. ರಾತ್ರಿಯ ನಿಯಮಗಳಲ್ಲಿ ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ದೊರೆಯಿತು. ಅದೇ ವಿಮಾನಗಳ ರೆಕ್ಕೆ, ಒಡಲುಗಳ ಏರಿಳಿತದ ಎಣಿಕೆಯಲ್ಲಿ ಯಾರಾದರೂ ವಿನಾಯಿತಿ ಕೇಳಿದರೆಂದು ನಾನಂತೂ ಕೇಳಿಲ್ಲ.